ಎಣ್ಣೆಯಲ್ಲಿ ಪೆಟ್ರೋಲಿನ ವಾಸನೆ

ಮಳೆಗಾಲ ಮುಗಿಯುತ್ತಿದ್ದಂತೆ ಹಳೆಯ ಬೈಕುಗಳ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಸ್ಟಾರ್ಟ್ ಆಗುತ್ತಿಲ್ಲ’ ಎಂಬ ದೂರಿನವು. ಈ ಬಾರಿ ನಾಲ್ಕು ಪತ್ರಗಳು ಒಂದೇ ವಿಷಯವನ್ನು ಹಿಡಿದುಕೊಂಡು ಬಂದಿವೆ: ಎಣ್ಣೆ ಇರಬೇಕಾದಲ್ಲಿ ಪೆಟ್ರೋಲ್, ಅಥವಾ ಪೆಟ್ರೋಲ್ ಎಂದು ಭಾವಿಸಲಾದ ಬೇರೇನೋ. ಹೀಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿ ಇವನ್ನೇ ಎತ್ತಿಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ತಂದೆಯವರು ಉಪಯೋಗಿಸುತ್ತಿದ್ದ 1971ರ ಬುಲೆಟ್ 350 ನಮ್ಮಲ್ಲಿದೆ. ಕಾರ್ಬುರೇಟರ್ ಮೂಲದ್ದಲ್ಲ, ಯಾವುದೋ ಕಾಲದಲ್ಲಿ ಮಿಕ್‌ಕಾರ್ಬ್ ಹಾಕಿಸಿದ್ದು. ಆಟಿ ತಿಂಗಳ ಮಳೆಗೆ ಹೊರಗೆ ತೆಗೆಯಲಾಗದೆ ಆರು ವಾರ ಕೊಟ್ಟಗೆಯ ಪಕ್ಕದ ಚಾವಡಿಯಲ್ಲಿ ನಿಲ್ಲಿಸಿದ್ದೆ. ಮಳೆ ಬಿಟ್ಟ ಮೇಲೆ ಸ್ಟಾರ್ಟ್ ಮಾಡಹೊರಟರೆ ಕಿಕ್ಕರ್ ಅರ್ಧದಲ್ಲಿ ಕಲ್ಲಿನಂತೆ ನಿಂತುಬಿಟ್ಟಿತು. ಡಿಕಂಪ್ರೆಸರ್ ಒತ್ತಿ ಹೇಗೋ ಸ್ಟಾರ್ಟ್ ಮಾಡಿದೆ. ಸೈಲೆನ್ಸರಿನಲ್ಲಿ ಗುಂಡು ಹೊಡೆದಂತೆ ಸದ್ದಾಯಿತು, ಎಂಜಿನ್ನಿನ ಒಳಗಾಳಿ ಹೊರಹೋಗುವ ಬ್ರೀದರ್ ಪೈಪು ಎಣ್ಣೆಯನ್ನು ಉಗುಳಿತು, ಡಿಪ್‌ಸ್ಟಿಕ್ ತೆಗೆದು ನೋಡಿದರೆ ಪೆಟ್ರೋಲಿನ ವಾಸನೆ. ಎರಡೂಕಾಲು ಲೀಟರ್ ಹಾಕಿದ್ದ ಎಂಜಿನ್ನಿನಿಂದ ಸುಮಾರು ಮೂರು ಲೀಟರ್ ಹೊರಬಂತು. ಹೊಸ ಆಯಿಲ್ ಹಾಕಿದೆ. ಎರಡು ವಾರದಲ್ಲಿ ಮತ್ತೆ ಅದೇ ವಾಸನೆ. ಪರಿಚಯದ ಮೆಕ್ಯಾನಿಕರು ‘ರಿಂಗು ಹೋಗಿದೆ, ಬೋರ್ ಮಾಡಿಸಬೇಕು’ ಎನ್ನುತ್ತಾರೆ. ನನ್ನ ಭಾವ ‘ಮಂಗಳೂರಿಗೊಮ್ಮೆ ಹೋಗಿ ಬಾ, ಬಿಸಿಗೆ ಪೆಟ್ರೋಲೆಲ್ಲ ಆವಿಯಾಗುತ್ತದೆ’ ಎನ್ನುತ್ತಾರೆ. ಯಾರ ಮಾತು ಕೇಳಲಿ?
ಬದಿಯಡ್ಕದ ಓದುಗರು

ಉತ್ತರ: ಮೆಕ್ಯಾನಿಕರ ಮಾತಿನಲ್ಲಿ ಅರ್ಧ ಸತ್ಯವಿದೆ, ನಿಮ್ಮ ಭಾವನವರ ಮಾತಿನಲ್ಲಿ ಕಾಲುಭಾಗ. ಆದರೆ ಇಬ್ಬರೂ ಗಮನಿಸದ ಒಂದು ಸಂಗತಿಯನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ. ಕಿಕ್ಕರ್ ಕಲ್ಲಾದದ್ದು ಬೈಕು ಓಡಿ ಬಂದ ಮೇಲಲ್ಲ, ಆರು ವಾರ ಸುಮ್ಮನೆ ನಿಂತ ಮೇಲೆ. ತಿರುಗದೆ ನಿಂತ ಎಂಜಿನ್ನು ಪೆಟ್ರೋಲನ್ನು ಎಳೆದುಕೊಳ್ಳುವುದಿಲ್ಲ; ಪೆಟ್ರೋಲ್ ತಾನಾಗಿ ಮೇಲಿನಿಂದ ಕೆಳಕ್ಕೆ ಇಳಿದಿರಬೇಕು. ಟ್ಯಾಂಕು ಮೇಲಿದೆ, ಕಾರ್ಬುರೇಟರ್ ಕೆಳಗಿದೆ, ನಡುವೆ ಕಾವಲಿಗೆ ಇರುವವರು ಇಬ್ಬರೇ: ನೀವು ಕೈಯಲ್ಲಿ ತಿರುಗಿಸುವ ಪೆಟ್ರೋಲ್ ಕಾಕ್, ಮತ್ತು ಕಾರ್ಬುರೇಟರಿನ ಬಟ್ಟಲು ತುಂಬಿದೊಡನೆ ತಾನಾಗಿ ಮುಚ್ಚಿಕೊಳ್ಳಬೇಕಾದ ಫ್ಲೋಟ್ ನೀಡಲ್. ಇಬ್ಬರೂ ಕೈಕೊಟ್ಟರೆ ಬಟ್ಟಲು ತುಂಬಿ, ಪೆಟ್ರೋಲ್ ಜೆಟ್ಟಿನ ಮೂಲಕ ಮೇಲೆದ್ದು, ಒಂದಿಷ್ಟು ನೆಲಕ್ಕೆ ತೊಟ್ಟಿಕ್ಕಿ, ಉಳಿದದ್ದು ಇನ್‌ಲೆಟ್ ದಾರಿಯತ್ತ ಹರಿಯುತ್ತದೆ. ಆ ಹೊತ್ತಿಗೆ ಇನ್‌ಲೆಟ್ ವಾಲ್ವ್ ಸ್ವಲ್ಪ ತೆರೆದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ಅದು ನೇರ ಪಿಸ್ಟನಿನ ಮೇಲೆ ಬಂದು ಕೂರುತ್ತದೆ.

ಇನ್ನು ರಿಂಗಿನ ವಿಚಾರ. ಪಿಸ್ಟನ್ ರಿಂಗು ಇರುವುದು ಉರಿಯುವ ಅನಿಲದ ಒತ್ತಡವನ್ನು ಕ್ಷಣಕಾಲ ತಡೆಯುವುದಕ್ಕೆ, ದ್ರವವನ್ನು ವಾರಗಟ್ಟಲೆ ಹಿಡಿದಿಡುವುದಕ್ಕಲ್ಲ. ಹೊಚ್ಚಹೊಸ ರಿಂಗಿಗೂ ಎರಡು ತುದಿಗಳ ನಡುವೆ ಸಂದು ಇರಲೇಬೇಕು, ಇಲ್ಲವಾದರೆ ಬಿಸಿಗೆ ಹಿಗ್ಗಿ ಅದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆ ಸಂದಿನಲ್ಲಿ ಪೆಟ್ರೋಲ್ ಒಂದು ರಾತ್ರಿಯಲ್ಲಿ ಧಾರಾಳವಾಗಿ ಇಳಿಯುತ್ತದೆ. ಸವೆದ ರಿಂಗಾದರೆ ಬೇಗ ಇಳಿಯುತ್ತದೆ, ಒಳ್ಳೆಯದಾದರೆ ತಡವಾಗಿ; ವ್ಯತ್ಯಾಸ ಅಷ್ಟೇ. ಆದ್ದರಿಂದ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೂ ಮುಂದಿನ ಆಟಿಯಲ್ಲಿ ನಿಮಗೆ ಇದೇ ಪತ್ರವನ್ನು ಬರೆಯಬೇಕಾದೀತು. ಬೋರ್ ಮಾಡುವಾಗ ಕೊರೆದು ತೆಗೆದ ಎರಕದ ಕಬ್ಬಿಣ ಮರಳಿ ಬರುವುದಿಲ್ಲ. ಐವತ್ತು ದಾಟಿದ ಸಿಲಿಂಡರಿನ ಮೇಲೆ ಆ ಕೆಲಸಕ್ಕೆ ಕೈಹಾಕುವುದಕ್ಕೆ ಕಾರಣ ಇದಕ್ಕಿಂತ ಗಟ್ಟಿಯಾಗಿರಬೇಕು.

ಕಿಕ್ಕರ್ ನಿಂತ ಗಳಿಗೆಯ ಬಗ್ಗೆ ಒಂದು ಮಾತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನು ಕುಗ್ಗಿಸಲಾಗದು. ಪಿಸ್ಟನ್ ಮೇಲೇರುವಾಗ ಅಲ್ಲಿ ಉಳಿಯುವ ಜಾಗಕ್ಕಿಂತ ಹೆಚ್ಚು ಪೆಟ್ರೋಲ್ ಇದ್ದರೆ ಅದು ಕಬ್ಬಿಣದ ತುಂಡಿನಂತೆಯೇ ವರ್ತಿಸುತ್ತದೆ. ಮೈಭಾರವೆಲ್ಲ ಹಾಕಿ ತುಳಿದರೆ ಕಿಕ್ಕರಿನ ಹಲ್ಲುಗಳು ಮುರಿಯಬಹುದು. ಎಂಜಿನ್ ಒಂದೆರಡು ಸುತ್ತು ಉರಿದು ತಿರುಗಿದ ಮೇಲೆ ಹಾಗಾದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ನೀವು ಡಿಕಂಪ್ರೆಸರ್ ಒತ್ತಿದ್ದರಿಂದ ಎಕ್ಸಾಸ್ಟ್ ವಾಲ್ವ್ ತೆರೆದು ಪೆಟ್ರೋಲ್ ಸೈಲೆನ್ಸರಿಗೆ ಹೋಯಿತು, ಅಲ್ಲಿ ಹೊತ್ತಿ ಗುಂಡಿನ ಸದ್ದಾಯಿತು. ರಾಡು ಉಳಿದಿದೆ ಎಂದು ನನ್ನ ಅಂದಾಜು. ಆದರೆ ಇನ್ನೊಮ್ಮೆ ಕಿಕ್ಕರ್ ಹಾಗೆ ನಿಂತರೆ ಡಿಕಂಪ್ರೆಸರನ್ನು ಮುಟ್ಟಬೇಡಿ. ಇಗ್ನಿಷನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನ ಮುಂದೆ ಹಳೆಯ ಬೈರಾಸೊಂದನ್ನು ಹಿಡಿದು ಕಿಕ್ಕರನ್ನು ಕೈಯಿಂದ ಮೆಲ್ಲನೆ ಒತ್ತಿ.

ನಿಮ್ಮ ಬೈಕಿನಲ್ಲಿ ಡಿಪ್‌ಸ್ಟಿಕ್ ಪೂರ್ತಿ ನಿಜ ಹೇಳುವುದಿಲ್ಲ ಎಂಬುದನ್ನೂ ಇಲ್ಲಿ ತಿಳಿಸಬೇಕು. ಇಂದಿನ ಬೈಕುಗಳಲ್ಲಿ ಎಂಜಿನ್ನು, ಗೇರು, ಕ್ಲಚ್ಚು ಎಲ್ಲಕ್ಕೂ ಒಂದೇ ಎಣ್ಣೆ, ಅದು ಕೆಳಗಿನ ತಳದಲ್ಲೇ ನಿಂತಿರುತ್ತದೆ. ಎರಕದ ಕಬ್ಬಿಣದ ಹಳೆಯ ಬುಲೆಟ್ಟಿನಲ್ಲಿ ಗೇರ್‌ಬಾಕ್ಸಿಗೆ ಬೇರೆ, ಕ್ಲಚ್ ಇರುವ ಪ್ರೈಮರಿ ಚೈನ್‌ಕೇಸಿಗೆ ಬೇರೆ, ಎಂಜಿನ್ನಿಗೆ ಬೇರೆ. ಎಂಜಿನ್ನಿನ ಎಣ್ಣೆಗೆ, ಕ್ರ್ಯಾಂಕ್ ತಿರುಗುವ ಕೆಳಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಎರಕದಲ್ಲೇ ಹಿಂಬದಿಗೆ ಒಂದು ಕೋಣೆ ಇದೆ. ಒಂದು ಪಂಪು ಅಲ್ಲಿಂದ ಎಣ್ಣೆಯನ್ನು ಒಳಕ್ಕೆ ಕಳುಹಿಸುತ್ತದೆ, ಇನ್ನೊಂದು ಕ್ರ್ಯಾಂಕಿನ ಕೆಳಗೆ ಸೇರಿದ ಎಣ್ಣೆಯನ್ನು ಎತ್ತಿ ಮರಳಿ ಕೋಣೆಗೆ ಹಾಕುತ್ತದೆ. ಬಹಳ ದಿನ ನಿಂತಾಗ ಸವೆದ ಪಂಪಿನ ಸಂದಿನಲ್ಲಿ ಕೋಣೆಯ ಎಣ್ಣೆ ತಾನಾಗಿ ಕ್ರ್ಯಾಂಕಿನ ಕೆಳಗೆ ಇಳಿದಿರುತ್ತದೆ. ಆಗ ಡಿಪ್‌ಸ್ಟಿಕ್ ‘ಎಣ್ಣೆ ಕಡಿಮೆ’ ಎನ್ನುತ್ತದೆ, ನಾವು ಇನ್ನಷ್ಟು ಸುರಿಯುತ್ತೇವೆ. ಸ್ಟಾರ್ಟ್ ಮಾಡಿದೊಡನೆ ಕೆಳಗಿನದೆಲ್ಲ ಮೇಲೆ ಬಂದು ಕೋಣೆ ತುಂಬಿ ಹೆಚ್ಚಾದದ್ದು ಬ್ರೀದರಿನಲ್ಲಿ ಹೊರಬೀಳುತ್ತದೆ. ಬ್ರೀದರ್ ಉಗುಳಿತೆಂಬ ಮಾತ್ರಕ್ಕೆ ಪೆಟ್ರೋಲ್ ಸೇರಿದೆ ಎನ್ನಲಾಗದು. ನಿಮ್ಮಲ್ಲಿ ಪೆಟ್ರೋಲೇ ಎಂದು ನಾನು ಒಪ್ಪುವುದು ಎರಡು ಸಾಕ್ಷಿಗಳಿಂದ: ಹಾಕಿದ್ದಕ್ಕಿಂತ ಮುಕ್ಕಾಲು ಲೀಟರ್ ಹೆಚ್ಚು ಹೊರಬಂದದ್ದು, ಮತ್ತು ವಾಸನೆ. ಇನ್ನು ಮುಂದೆ ಎಣ್ಣೆಯ ಮಟ್ಟವನ್ನು ಎಂಜಿನ್ ಕೆಲವು ನಿಮಿಷ ಓಡಿ ನಿಂತ ಬಳಿಕವೇ ನೋಡಿ.

ಸಂದೇಹವಿದ್ದರೆ ಬಿಳಿ ಕಾಗದದ ಮೇಲೆ ಡಿಪ್‌ಸ್ಟಿಕ್ಕಿನ ಒಂದು ಹನಿಯನ್ನೂ, ಪಕ್ಕದಲ್ಲಿ ಡಬ್ಬಿಯ ಹೊಸ ಆಯಿಲಿನ ಒಂದು ಹನಿಯನ್ನೂ ಹಾಕಿ ಅರ್ಧ ಗಂಟೆ ಬಿಡಿ. ಪೆಟ್ರೋಲ್ ಬೆರೆತ ಹನಿ ಬೇಗ ಹರಡಿ ಸುತ್ತಲೂ ತಿಳಿಯಾದ ಅಗಲ ಬಳೆಯನ್ನು ಬಿಡುತ್ತದೆ. ಹೊಸದು ತನ್ನ ಜಾಗದಲ್ಲೇ ಮೆಲ್ಲಗೆ ಹಬ್ಬುತ್ತದೆ. ಡಿಪ್‌ಸ್ಟಿಕ್ಕಿಗೆ ಬೆಂಕಿಕಡ್ಡಿ ತಾಗಿಸಿ ಹೊತ್ತುತ್ತದೋ ಎಂದು ನೋಡುವ ಹಿಂದಿನವರ ಪರೀಕ್ಷೆಯನ್ನು ದಯವಿಟ್ಟು ಮಾಡಬೇಡಿ.

ಬೆರೆತ ಪೆಟ್ರೋಲ್ ಮಾಡುವ ಹಾನಿ ಏನೆಂದರೆ, ಅದು ಎಣ್ಣೆಯನ್ನು ನೀರಾಗಿಸುತ್ತದೆ. ನೀವು ಹಾಕುವ 20ಡಬ್ಲ್ಯು-50 ಎಂಬ ಎಣ್ಣೆಯಲ್ಲಿ 50 ಎಂಬುದು ಎಂಜಿನ್ ಬಿಸಿಯಾದಾಗ ಅದು ಉಳಿಸಿಕೊಳ್ಳಬೇಕಾದ ದಪ್ಪವನ್ನು ಸೂಚಿಸುವ ಅಂಕೆ. ಸ್ವಲ್ಪ ಪೆಟ್ರೋಲ್ ಸೇರಿದರೂ ಅದು 40ರ, 30ರ ಎಣ್ಣೆಯ ಹಾಗೆ ತೆಳುವಾಗುತ್ತದೆ, ಡಬ್ಬಿಯ ಮೇಲೆ ಏನೇ ಬರೆದಿರಲಿ. ಹಳೆಯ ಬುಲೆಟ್ಟಿನ ಬಿಗ್ ಎಂಡಿನಲ್ಲಿ, ಅಂದರೆ ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಸೇರುವ ಕೆಳತುದಿಯಲ್ಲಿ, ಉರುಳುವ ರೋಲರುಗಳಿಲ್ಲ, ತೇಲುವ ಬುಷ್ ಎಂಬ ಲೋಹದ ಬಳೆ ಇದೆ. ಹೆಸರೇ ಹೇಳುವಂತೆ ಅದು ಒಳಗೂ ಹೊರಗೂ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ. ಪೊರೆ ತೆಳುವಾದ ದಿನ ಲೋಹಕ್ಕೆ ಲೋಹ ತಾಗುತ್ತದೆ. ಏರಿನಲ್ಲಿ ಗಾಡಿ ಎಳೆಯುವಾಗ ಕೆಳಗಿನಿಂದ ‘ಟಕ್ ಟಕ್’ ಎಂಬ ಭಾರದ ಸದ್ದು ಕೇಳಿಸುವ ಹೊತ್ತಿಗೆ ಕ್ರ್ಯಾಂಕ್ ಬಿಚ್ಚುವ ಕೆಲಸ ಬಂದಿರುತ್ತದೆ.

ಭಾವನವರ ಸಲಹೆಗೆ ಬರೋಣ. ಪೆಟ್ರೋಲ್ ಒಂದೇ ವಸ್ತುವಲ್ಲ. ಅದರ ಹಗುರ ಅಂಶಗಳು 40 ಡಿಗ್ರಿಯ ಒಳಗೇ ಆವಿಯಾಗತೊಡಗಿದರೆ ಭಾರದವು ಆವಿಯಾಗಲು 200 ಡಿಗ್ರಿಯ ಹತ್ತಿರದ ಬಿಸಿ ಬೇಕು. ಎಂಜಿನ್ನಿನ ಎಣ್ಣೆ ಅಷ್ಟು ಕಾಯುವುದಿಲ್ಲ. ದೂರ ಓಡಿಸಿದರೆ ಮೊದಲು ಹೋಗುವುದು ಹಗುರ ಭಾಗ, ಅದರೊಂದಿಗೆ ವಾಸನೆಯೂ ಕಡಿಮೆಯಾಗುತ್ತದೆ, ಹೀಗಾಗಿ ಎಲ್ಲ ಸರಿಹೋಯಿತೆಂಬ ಭ್ರಮೆ ಹುಟ್ಟುತ್ತದೆ. ಚೋಕ್ ಎಳೆದು ಮರೆತದ್ದರಿಂದ ಸೇರಿದ ಒಂದಿಷ್ಟು ಪೆಟ್ರೋಲಾದರೆ ಹಾಗೆ ಹೋದೀತು. ಮುಕ್ಕಾಲು ಲೀಟರ್ ಸೇರಿದ ಎಣ್ಣೆಯಲ್ಲಿ ಮಂಗಳೂರಿಗೆ ಹೋಗುವುದೆಂದರೆ ಆ ಐವತ್ತು ಕಿಲೋಮೀಟರನ್ನೂ ತೇಲುವ ಬುಷ್ಷಿನ ಆಯುಷ್ಯದಿಂದ ಕೊಟ್ಟಂತೆ.

ಹೊಸ ಆಯಿಲ್ ಹಾಕಿದ ಎರಡೇ ವಾರದಲ್ಲಿ ಮತ್ತೆ ವಾಸನೆ ಬಂದದ್ದು ಮಾಡು ಸೋರುವಾಗ ನೆಲ ಒರೆಸಿದ್ದರ ಫಲ. ನಾನೂ ಇದನ್ನು ಮಾಡಿದವನೇ. ಹಿಂದೊಮ್ಮೆ ಒಂದೇ ಮಳೆಗಾಲದಲ್ಲಿ ಮೂರು ಸಲ ಆಯಿಲ್ ಬದಲಾಯಿಸಿ, ಪ್ರತಿ ಸಲವೂ ಆಯಿಲಿನ ಗುಣಮಟ್ಟವನ್ನು ಬೈದು, ಕೊನೆಗೆ ಕಾರ್ಬುರೇಟರ್ ಬಿಚ್ಚಿ ನೋಡಿದಾಗ ಫ್ಲೋಟ್ ನೀಡಲಿನ ತುದಿಗೂ ಅದರ ಸೀಟಿಗೂ ನಡುವೆ ಸಿಕ್ಕಿಕೊಂಡಿದ್ದುದು ಟ್ಯಾಂಕಿನಿಂದ ಉದುರಿದ ತುಕ್ಕಿನ ಒಂದು ಸಿಪ್ಪೆ. ಸಾಸಿವೆ ಕಾಳಿನ ಕಾಲುಭಾಗವೂ ಇರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಿಡಿದಾಗ ಮಾತ್ರ ಕಂಡಿತು.

ಆದ್ದರಿಂದ ಆಯಿಲ್ ಮುಟ್ಟುವ ಮೊದಲು ಕಾವಲುಗಾರರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ. ಕಾಕ್ ಮುಚ್ಚಿ, ಪೆಟ್ರೋಲ್ ಪೈಪನ್ನು ಕಾರ್ಬುರೇಟರಿನ ಕಡೆಯಿಂದ ಬಿಡಿಸಿ, ತುದಿಯನ್ನು ಒಣಗಿದ ಗಾಜಿನ ಬಾಟಲಿಗೆ ಇಳಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತಳದಲ್ಲಿ ಒಂದು ಚಮಚ ಸಿಕ್ಕಿದರೂ ಕಾಕ್ ಹೋಗಿದೆ ಎಂದೇ ಲೆಕ್ಕ. ಒಂದು ರಾತ್ರಿಗೆ ಚಮಚವಾದರೆ ಆರು ವಾರಕ್ಕೆ ಎಷ್ಟೆಂದು ನೀವೇ ಗುಣಿಸಿ. ಬಿರಡೆಯ ತೊಗಟೆಯ ಕಾಕ್ ಇನ್ನೂ ಉಳಿದಿದ್ದರೆ ಟ್ಯಾಂಕು ಖಾಲಿಯಾಗಿ ಒಣಗಿದಾಗ ಆ ತೊಗಟೆ ಕುಗ್ಗಿ ಸೋರುವುದುಂಟು; ರಬ್ಬರ್ ವಾಷರಿನದ್ದಾದರೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಬಳಿಕ ಕಾರ್ಬುರೇಟರನ್ನು ಬಿಚ್ಚಿ, ಒಳಗಿನ ಪೆಟ್ರೋಲ್ ಚೆಲ್ಲಿ, ಪೆಟ್ರೋಲ್ ಬರುವ ಮೂತಿಗೆ ಶುದ್ಧವಾದ ಸಣ್ಣ ಟ್ಯೂಬು ಸಿಕ್ಕಿಸಿ ಬಾಯಿಂದ ಮೆಲ್ಲನೆ ಊದಿ. ನೆಟ್ಟಗೆ ಹಿಡಿದಾಗ ಗಾಳಿ ಸಲೀಸಾಗಿ ಹೋಗಬೇಕು, ತಲೆಕೆಳಗಾಗಿ ಹಿಡಿದಾಗ ಫ್ಲೋಟಿನ ಭಾರಕ್ಕೆ ನೀಡಲ್ ಕೂತು ಗಾಳಿ ನಿಲ್ಲಬೇಕು. ನಿಲ್ಲದಿದ್ದರೆ ನೀಡಲಿನ ತುದಿಯನ್ನು ಉಗುರಿನಿಂದ ಸವರಿ ನೋಡಿ: ಸುತ್ತಲೂ ಕಾಲುಂಗುರದಂತೆ ಗೆರೆ ಬಿದ್ದಿದ್ದರೆ ಅದು ಸವೆದಿದೆ. ನೀಡಲನ್ನು ಸೀಟಿನೊಂದಿಗೆ ಜೋಡಿಯಾಗಿಯೇ ಬದಲಾಯಿಸಿ. ಫ್ಲೋಟ್ ಹಿತ್ತಾಳೆಯದಾದರೆ ಬಿಸಿನೀರಿನಲ್ಲಿ ಮುಳುಗಿಸಿ; ಎಲ್ಲಾದರೂ ಸೂಜಿತೂತು ಇದ್ದರೆ ಅಲ್ಲಿಂದ ಗುಳ್ಳೆಗಳ ಸಾಲು ಏಳುತ್ತದೆ. ತೂತಾದ ಫ್ಲೋಟಿನೊಳಗೆ ಪೆಟ್ರೋಲ್ ಸೇರಿ ಅದು ಮುಳುಗುತ್ತದೆ, ನೀಡಲನ್ನು ಎತ್ತಿ ಮುಚ್ಚುವವರೇ ಇಲ್ಲದಾಗುತ್ತಾರೆ. ಬೆಸುಗೆ ಹಾಕಬಹುದು, ಆದರೆ ಸೀಸದ ಭಾರಕ್ಕೆ ಫ್ಲೋಟಿನ ಮಟ್ಟವೇ ಬದಲಾಗುವುದರಿಂದ ಹೊಸದು ಸಿಕ್ಕಿದರೆ ಅದೇ ವಾಸಿ.

ಎಲ್ಲ ಜೋಡಿಸಿದ ಮೇಲೆ ಕಾಕ್ ತೆರೆದು, ಕಾರ್ಬುರೇಟರಿನ ಕೆಳಗೆ ಒಂದು ಒಣ ಅಡಕೆ ಹಾಳೆಯನ್ನು ಇಟ್ಟು ಒಂದು ಗಂಟೆ ಕಾಯಿರಿ. ಪೆಟ್ರೋಲ್ ಹಾರಿಹೋದರೂ ಅದರ ಕಲೆ ಹಾಳೆಯ ಮೇಲೆ ಉಳಿಯುತ್ತದೆ. ಸಿಮೆಂಟ್ ನೆಲದ ಮೇಲಿನ ತೊಟ್ಟು ಗುರುತಿಲ್ಲದೆ ಆರಿಹೋಗುತ್ತದೆ.

ಆಯಿಲ್ ತೆಗೆಯುವುದು ಇದಾದ ಮೇಲಿನ ಕೆಲಸ. ಅದನ್ನು ಅಂಗಳದಲ್ಲಿ, ಬಚ್ಚಲ ಒಲೆಯಿಂದ ಸಾಕಷ್ಟು ದೂರದಲ್ಲಿ ಮಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಿದುಕೊಂಡು ಹೋಗುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ನಮ್ಮ ಕಡೆಯ ಬಚ್ಚಲ ಒಲೆಯಲ್ಲಿ ಅಡಕೆ ಸಿಪ್ಪೆ ಬೂದಿಯೊಳಗೆ ಗಂಟೆಗಟ್ಟಲೆ ಕೆಂಡವಾಗಿ ಇರುತ್ತದೆ, ನೋಡುವವರಿಗೆ ಆರಿದಂತೆ ಕಾಣುತ್ತದೆ. ಎಣ್ಣೆಯ ಕೋಣೆಯ ಡ್ರೈನ್ ಬೋಲ್ಟನ್ನು ಮಾತ್ರ ಬಿಚ್ಚಿದರೆ ಸಾಲದು, ಕ್ರ್ಯಾಂಕ್‌ಕೇಸಿನದನ್ನೂ ಬಿಚ್ಚಬೇಕು. ಪೆಟ್ರೋಲ್ ಮೊದಲು ಬಂದು ಕೂತದ್ದು ಅಲ್ಲಿಯೇ. ನೀವು ಹಿಂದಿನ ಸಲ ಇದನ್ನು ಬಿಟ್ಟಿದ್ದರೆ ಎರಡು ವಾರದ ಆ ವಾಸನೆಯಲ್ಲಿ ಹಳೆಯ ಪೆಟ್ರೋಲಿನ ಪಾಲೂ ಇರಬಹುದು. ಫಿಲ್ಟರನ್ನು ಎಸೆದು ಹೊಸದು ಹಾಕಿ. ಅಗ್ಗದ 20ಡಬ್ಲ್ಯು-50 ಎಣ್ಣೆ ತುಂಬಿ, ಐದು ನಿಮಿಷ ಏರಿಳಿತವಿಲ್ಲದೆ ಓಡಿಸಿ, ಬಿಸಿ ಇರುವಾಗಲೇ ಅದನ್ನೂ ತೆಗೆದು, ಬಳಿಕ ಒಳ್ಳೆಯ ಎಣ್ಣೆ ಹಾಕಿ. ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆಯುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಹಾರಿಹೋಗುವ ಪೆಟ್ರೋಲನ್ನು ತೆಗೆದು ಹಾರಿಹೋಗದ ಸೀಮೆಎಣ್ಣೆಯನ್ನು ಎಣ್ಣೆಯ ಸಣ್ಣ ದಾರಿಗಳಲ್ಲಿ ಉಳಿಸಿಕೊಂಡಂತೆ ಆಗುತ್ತದೆ. ಹೊಸ ಎಣ್ಣೆ ಹಾಕಿದ ಮೇಲೆ ಪ್ಲಗ್ ಬಿಚ್ಚಿಟ್ಟು ಹತ್ತಿಪ್ಪತ್ತು ಸಲ ಕಿಕ್ ಹೊಡೆದು, ವಾಲ್ವುಗಳನ್ನು ಒತ್ತಿ ತೆರೆಯುವ ರಾಕರಿಗೆ ಹೋಗುವ ತೆಳ್ಳಗಿನ ಎಣ್ಣೆ ಪೈಪಿನ ಮೇಲಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿ ನೋಡಿ. ಅಲ್ಲಿ ಎಣ್ಣೆ ಜಿನುಗುವುದು ಕಂಡರೆ ಪಂಪು ಹಿಡಿದಿದೆ ಎಂದರ್ಥ. ಕಾಣದಿದ್ದರೆ ಸ್ಟಾರ್ಟ್ ಮಾಡಿ, ನಿಧಾನ ಓಟದಲ್ಲಿ ಅರ್ಧ ನಿಮಿಷದೊಳಗೆ ಬರುತ್ತದೋ ನೋಡಿ, ಬಾರದಿದ್ದರೆ ಕೂಡಲೇ ನಿಲ್ಲಿಸಿ.

ತುಕ್ಕಿನ ಮೂಲದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅದು ಹಿಂದಿಗಿಂತ ಈಗ ಹೆಚ್ಚಾಗಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇದೆ. ಎಥನಾಲ್ ನೀರನ್ನು ಹೀರುತ್ತದೆ, ನೀರು ಹೆಚ್ಚಾದಾಗ ಅದರೊಂದಿಗೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಆಟಿಯಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಯೂ ಮುಗ್ಗುವ ಕಾಸರಗೋಡಿನಲ್ಲಿ ಅರ್ಧ ತುಂಬಿದ ಟ್ಯಾಂಕು ಆರು ವಾರ ನಿಂತರೆ ತಳಕ್ಕೆ ತುಕ್ಕು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಎಥನಾಲ್ ಹಳೆಯ ರಬ್ಬರನ್ನೂ ಉಬ್ಬಿಸುತ್ತದೆ, ಮೆದುವಾಗಿಸುತ್ತದೆ. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಿದ್ದರೆ ಟ್ಯಾಂಕನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಿ, ಟ್ಯಾಂಕಿನ ಒಳಮೈಗೆ ಸ್ವಲ್ಪ ಎಣ್ಣೆ ಸವರುವಂತೆ ಆಡಿಸಿ ಇಡಿ. ಪೈಪಿನ ನಡುವೆ ಒಂದು ಪಾರದರ್ಶಕ ಫಿಲ್ಟರ್ ಹಾಕಿಸಿ. ಅದು ಹಳೆಯ ಬುಲೆಟ್ಟಿಗೆ ಚೆಂದ ಕಾಣುವುದಿಲ್ಲ, ನಿಜ. ಪ್ರದರ್ಶನಕ್ಕೆ ಹೋಗುವ ದಿನ ಬಿಚ್ಚಿಡಬಹುದು.

ಇಷ್ಟೆಲ್ಲ ಸರಿಪಡಿಸಿ, ಪ್ರತಿ ಸಲ ನಿಲ್ಲಿಸುವಾಗ ಕಾಕ್ ಮುಚ್ಚುವ ಅಭ್ಯಾಸ ಮಾಡಿಕೊಂಡ ಮೇಲೂ ಇನ್ನೂರು ಮುನ್ನೂರು ಕಿಲೋಮೀಟರಿನಲ್ಲಿ ವಾಸನೆ ಮರಳಿದರೆ, ಆಗ ಮೆಕ್ಯಾನಿಕರ ಮಾತಿಗೆ ಸರದಿ. ಅದಕ್ಕೂ ಮೊದಲು ಚೋಕ್ ಪೂರ್ತಿ ಬಿಡುತ್ತಿದೆಯೇ, ಪಾಯಿಂಟಿನ ಕಿಡಿ ಬಲವಾಗಿದೆಯೇ ಎಂದು ನೋಡಲು ಹೇಳಿ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗೆ ಇಳಿಯುತ್ತದೆ, ಸವೆದ ರಿಂಗಿಗೆ ಹೊರಿಸುವ ಅಪವಾದದಲ್ಲಿ ಒಂದು ಪಾಲು ಅದರದ್ದು.

ಪ್ರಶ್ನೆ: ನನ್ನ ಯೆಜ್ಡಿ ರೋಡ್‌ಕಿಂಗಿನ ಗೇರ್‌ಬಾಕ್ಸ್ ಎಣ್ಣೆ ಪೆಟ್ರೋಲಿನ ವಾಸನೆ ಹೊಡೆಯುತ್ತಿದೆ, ತೆಳುವಾಗಿದೆ. ಈ ಬೈಕಿನಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವುದೇ ಕ್ರಮವಾದ್ದರಿಂದ ಚಿಂತಿಸಬೇಕಾಗಿಲ್ಲ ಎಂದು ಅಂಗಡಿಯವರು ಹೇಳಿದರು. ಸರಿಯೇ?
ಪೆರ್ಲದ ಓದುಗರು

ಉತ್ತರ: ಸರಿಯಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಯುತ್ತದೆ, ಗೇರಿನ ಎಣ್ಣೆಗೆ ಪೆಟ್ರೋಲ್ ಬೆರೆಯಬಾರದು. ಒಂದೇ ಗೋಡೆಯ ಎರಡು ಬದಿಗಳಲ್ಲಿ ಇವೆರಡೂ ಇರುವುದರಿಂದ ಈ ಗೊಂದಲ. ಪೆಟ್ರೋಲ್, ಎಣ್ಣೆ, ಗಾಳಿಗಳ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು ಅಲ್ಲಿಂದ ಮೇಲೆ ಹೋಗುತ್ತದೆ. ಪಿಸ್ಟನ್ ಏರುವಾಗ ಕ್ರ್ಯಾಂಕ್‌ಕೇಸಿನಲ್ಲಿ ಎಳೆತ, ಇಳಿಯುವಾಗ ಒತ್ತಡ. ಎಡಬದಿಯಲ್ಲಿ ಪ್ರೈಮರಿ ಚೈನು ಮತ್ತು ಕ್ಲಚ್ಚು ಗೇರಿನ ಎಣ್ಣೆಯಲ್ಲೇ ಓಡುತ್ತವೆ. ಇವೆರಡನ್ನೂ ಬೇರೆ ಮಾಡುವುದು ಕ್ರ್ಯಾಂಕ್ ಶಾಫ್ಟಿನ ಸುತ್ತ ಕೂತ, ಬಳೆಯಷ್ಟೂ ದಪ್ಪವಿಲ್ಲದ ಒಂದು ರಬ್ಬರ್ ಸೀಲು. ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ನಿಮ್ಮದರಲ್ಲಿ ಮೂಲದ ಸೀಲೇ ಇದ್ದರೆ ಅದು ಮೂವತ್ತು ವರ್ಷದ ಆಸುಪಾಸಿನದ್ದು, ಗಟ್ಟಿಯಾಗಿ ತುಟಿ ಬಿರಿದಿರುತ್ತದೆ.

ಸೀಲು ಹೋದಾಗ ಎರಡು ಬಗೆಯ ಲಕ್ಷಣಗಳು ಕಾಣಬಹುದು. ಎಳೆತ ಮೇಲುಗೈಯಾದರೆ ಗೇರಿನ ಎಣ್ಣೆ ಒಳಗೆ ಹೀರಲ್ಪಟ್ಟು ಉರಿದು, ಬಿಸಿಯಾದ ಮೇಲೂ ನಿಲ್ಲದ ದಟ್ಟ ಹೊಗೆಯಾಗಿ ಬರುತ್ತದೆ, ಗೇರ್‌ಬಾಕ್ಸಿನ ಮಟ್ಟ ಇಳಿಯುತ್ತದೆ. ಒತ್ತಡ ಮೇಲುಗೈಯಾದರೆ ಮಿಶ್ರಣವೇ ಗೇರ್‌ಬಾಕ್ಸಿಗೆ ನುಗ್ಗಿ ನಿಮ್ಮ ಹಾಗೆ ಎಣ್ಣೆ ತೆಳುವಾಗುತ್ತದೆ. ಕಾಕ್ ತೆರೆದಿಟ್ಟು ನಿಲ್ಲಿಸಿ ಕ್ರ್ಯಾಂಕ್‌ಕೇಸಿನಲ್ಲಿ ಪೆಟ್ರೋಲ್ ತುಂಬಿ ನಿಂತಿದ್ದರೆ ಎಳೆತ ಒತ್ತಡಗಳೂ ಬೇಡ, ಬಿರಿದ ಸೀಲಿನಲ್ಲಿ ಅದು ತಾನಾಗಿ ಸೋರುತ್ತದೆ. ಹೀಗಾಗಿ ಬದಿಯಡ್ಕದವರಿಗೆ ಹೇಳಿದ ಕಾಕ್ ಮತ್ತು ನೀಡಲಿನ ಪರೀಕ್ಷೆ ನಿಮಗೂ ಅನ್ವಯ. ಸೀಲು ಬದಲಾಯಿಸಲು ಎಡಬದಿಯ ಕವರ್, ಕ್ಲಚ್, ಪ್ರೈಮರಿ ಚೈನು ಬಿಚ್ಚಬೇಕು. ಹೇಗೂ ಬಿಚ್ಚಿದ ಮೇಲೆ ಬಲಬದಿಯ ಸೀಲನ್ನೂ ಬದಲಾಯಿಸಿ, ಯಾಕೆಂದರೆ ಅದೂ ಅದೇ ವಯಸ್ಸಿನದು, ಅಲ್ಲಿ ಸೋರಿದರೆ ಎಂಜಿನ್ನು ಹೊರಗಿನ ಗಾಳಿಯನ್ನು ಎಳೆದುಕೊಂಡು ಮಿಶ್ರಣ ತೆಳುವಾಗಿ ಪಿಸ್ಟನ್ ಸೀಜ್ ಆಗುತ್ತದೆ. ಅಲ್ಲಿಯವರೆಗೆ ಓಡಿಸಬೇಡಿ. ಕ್ಲಚ್ಚು ಜಾರದಿರಬಹುದು, ಆದರೆ ತೆಳುವಾದ ಎಣ್ಣೆಯಲ್ಲಿ ಗೇರಿನ ಹಲ್ಲುಗಳು ಸವೆಯುತ್ತವೆ, ಆ ಗೇರುಗಳನ್ನು ಹುಡುಕಲು ಈಗ ಊರೂರು ಅಲೆಯಬೇಕು.

ಪ್ರಶ್ನೆ: ನನ್ನ ಹಳೆಯ ಹೀರೋ ಹೋಂಡಾ ಸಿಡಿ 100ರ ಆಯಿಲ್ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿಯ ಬಣ್ಣದ ಕೆನೆ ಕಟ್ಟಿದೆ. ಪೆಟ್ರೋಲ್ ಸೇರಿದೆಯೆಂದು ಹೆದರಿ ಎರಡು ಸಲ ಕಾರ್ಬುರೇಟರ್ ಬಿಚ್ಚಿಸಿದೆ, ಏನೂ ಸಿಗಲಿಲ್ಲ. ಬೈಕನ್ನು ದಿನಕ್ಕೆರಡು ಸಲ ಮನೆಯಿಂದ ಪೇಟೆಗೆ, ಎರಡು ಕಿಲೋಮೀಟರ್ ಓಡಿಸುತ್ತೇನೆ.
ಮಂಜೇಶ್ವರದ ಓದುಗರು

ಉತ್ತರ: ಸಿಗದಿರುವುದು ಸಹಜ, ಯಾಕೆಂದರೆ ಅದು ಪೆಟ್ರೋಲಲ್ಲ, ನೀರು. ಪೆಟ್ರೋಲ್ ಎಣ್ಣೆಯಲ್ಲಿ ಕರಗಿ ಅದನ್ನು ತೆಳುವಾಗಿಸುತ್ತದೆ, ಬಣ್ಣ ಕೆಡಿಸುವುದಿಲ್ಲ. ನೀರು ಕರಗದೆ ಕಡೆದ ಮಜ್ಜಿಗೆಯ ಹಾಗೆ ಎಣ್ಣೆಯೊಂದಿಗೆ ಕಲಕಿಕೊಂಡು ಬಿಳಿಚಾಗುತ್ತದೆ. ಬೈಕು ಗಾಳಿಯಿಂದ ತಣಿಯುವಂಥದ್ದು, ಅದರಲ್ಲಿ ರೇಡಿಯೇಟರಿಲ್ಲ; ಹಾಗಾದರೆ ನೀರು ಎಲ್ಲಿಂದ ಎಂದರೆ ಪೆಟ್ರೋಲಿನಿಂದಲೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರಿನಲ್ಲಿ ಹೊರಗೆ ಹೋದರೂ ಸ್ವಲ್ಪ ರಿಂಗುಗಳನ್ನು ದಾಟಿ ಕೆಳಗೆ ಬಂದು, ಎಂಜಿನ್ ಇನ್ನೂ ತಣ್ಣಗಿದ್ದರೆ ಗೋಡೆಗೆ ಬೆವರಿನಂತೆ ಅಂಟುತ್ತದೆ. ಎರಡು ಕಿಲೋಮೀಟರಿನಲ್ಲಿ ಎಣ್ಣೆ ಬಿಸಿಯಾಗುವುದಿಲ್ಲ. ಇಲ್ಲಿ ಮಾತ್ರ ನಾನು ಬದಿಯಡ್ಕದ ಭಾವನವರ ಸಲಹೆಯನ್ನೇ ಕೊಡುತ್ತೇನೆ: ವಾರಕ್ಕೊಮ್ಮೆಯಾದರೂ ಮೂವತ್ತು ನಲವತ್ತು ಕಿಲೋಮೀಟರ್ ಒಂದೇ ಸಮನೆ ಓಡಿಸಿ. ನೀರು 100 ಡಿಗ್ರಿಗಿಂತ ಮೊದಲೇ ಆವಿಯಾಗಿ ಬ್ರೀದರಿನಲ್ಲಿ ಹೋಗುತ್ತದೆ, ಅದರಲ್ಲಿ ಪೆಟ್ರೋಲಿನಂತೆ ಹಿಂದುಳಿಯುವ ಭಾರದ ಭಾಗವಿಲ್ಲ.

ಮುಚ್ಚಳದಲ್ಲಿ ಮಾತ್ರ ಕೆನೆಯಿದ್ದು ಡಿಪ್‌ಸ್ಟಿಕ್ಕಿನ ತುದಿಯ ಎಣ್ಣೆ ಸ್ವಚ್ಛವಿದ್ದರೆ ಒರೆಸಿ ಮುಂದುವರಿಯಿರಿ. ತಳದ ಎಣ್ಣೆಯೇ ಕಾಫಿಯಂತಾಗಿದ್ದರೆ, ಅಥವಾ ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಎಂಜಿನ್ ಮುಳುಗುವಷ್ಟು ಆಳಕ್ಕೆ ಹೋಗಿದ್ದಿದ್ದರೆ, ಇಂದೇ ಬದಲಾಯಿಸಿ. ಈ ಎಂಜಿನ್ನಿನಲ್ಲಿರುವುದು ಒಂದು ಲೀಟರಿಗೂ ಕಡಿಮೆ ಎಣ್ಣೆ, ಗೇರಿಗೂ ಕ್ಲಚ್ಚಿಗೂ ಅದೇ ಎಣ್ಣೆ. ಎರಡು ಲೀಟರಿನ ಬುಲೆಟ್ಟು ಸಹಿಸುವುದನ್ನು ಇದು ಸಹಿಸುವುದಿಲ್ಲ. ಡಬ್ಬಿಯ ಮೇಲೆ ಬೈಕಿನ ಕ್ಲಚ್ಚಿಗೆ ಹೊಂದುವ ಜಾಸೋ ಎಂಎ ಎಂಬ ಗುರುತಿದೆಯೇ ನೋಡಿ ಕೊಳ್ಳಿ.

ಪ್ರಶ್ನೆ: ಪೆಟ್ರೋಲ್ ಸೇರಿ ಹಾಳಾದ ಐದಾರು ಲೀಟರ್ ಹಳೆಯ ಆಯಿಲ್ ನನ್ನಲ್ಲಿದೆ. ಕೊಟ್ಟಗೆಯ ಮರದ ಕಂಬಗಳಿಗೆ ಗೆದ್ದಲು ಬಾರದಂತೆ ಹಚ್ಚಬಹುದೇ? ನಮ್ಮಲ್ಲಿ ಹಿಂದಿನಿಂದಲೂ ಹಳೆಯ ಆಯಿಲನ್ನು ಇದಕ್ಕೇ ಉಪಯೋಗಿಸುತ್ತಾರೆ.
ಮುಳ್ಳೇರಿಯದ ಓದುಗರು

ಉತ್ತರ: ಹಚ್ಚಬೇಡಿ. ಪೆಟ್ರೋಲ್ ಬೆರೆತದ್ದನ್ನು ಕೊಟ್ಟಗೆಗೆ ಹಚ್ಚುವುದು ಬೆಂಕಿಯ ದೃಷ್ಟಿಯಿಂದಲೇ ತಪ್ಪು. ಒಣಹುಲ್ಲು ಅಲ್ಲೇ ಇರುತ್ತದೆ. ಪೆಟ್ರೋಲ್ ಇಲ್ಲದ ಹಳೆಯ ಆಯಿಲಿನಲ್ಲೂ ಎಂಜಿನ್ನಿನ ಉರಿಯಿಂದ ಹುಟ್ಟಿದ, ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳಿರುತ್ತವೆ, ದನಗಳು ಕಂಬಕ್ಕೆ ಮೈ ಉಜ್ಜುವುದನ್ನು ನೀವು ನೋಡಿಯೇ ಇರುತ್ತೀರಿ. ಗುಂಡಿ ತೋಡಿ ಸುರಿಯುವ ಯೋಚನೆಯೂ ಬೇಡ. ನಮ್ಮ ಕಡೆಯ ಮುರಕಲ್ಲು ಜರಡಿಯಂತಹ ಕಲ್ಲು. ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದರೆ ನೀರು ಒಸರುವುದು ಆ ಗುಣದಿಂದಲೇ, ಮೇಲೆ ಸುರಿದ ಎಣ್ಣೆ ಕೆಳಗಿನ ಮನೆಯವರ ಸುರಂಗಕ್ಕೆ ಒಸರುವುದೂ ಅದೇ ಗುಣದಿಂದ. ಮುಚ್ಚಳ ಬಿಗಿಯಾಗಿರುವ ಕ್ಯಾನಿಗೆ ತುಂಬಿ, ಪೆಟ್ರೋಲ್ ಬೆರೆತದ್ದೆಂದು ಮೇಲೆ ಬರೆದು, ಹಳೆಯ ಆಯಿಲನ್ನು ಶುದ್ಧೀಕರಣಕ್ಕೆ ಕಳುಹಿಸುವ ದೊಡ್ಡ ವರ್ಕ್‌ಶಾಪಿಗೆ ಕೊಡಿ. ಬೆರೆತದ್ದೆಂದು ಬರೆಯದೆ ಕೊಟ್ಟರೆ ಅಲ್ಲಿ ಡ್ರಮ್ಮಿನ ಪಕ್ಕ ವೆಲ್ಡಿಂಗ್ ಮಾಡುವವರಿಗೆ ಅಪಾಯ.

ಕಂಬಗಳಿಗೆ ನಮ್ಮಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಇದೆ, ದೋಣಿಗಳಿಗೂ ಹಚ್ಚುವಂಥದ್ದು. ಕೈಗೆ ತಾಗಿದರೆ ಚರ್ಮ ಸುಡುತ್ತದೆ. ರಬ್ಬರ್ ಕೈಗವಸು ಹಾಕಿ, ಬಿಸಿಲಿರುವ ದಿನ ಹಚ್ಚಿ, ಒಣಗುವವರೆಗೆ ದನಗಳನ್ನು ಬೇರೆಡೆ ಕಟ್ಟಿ.